ಸೀಟಿ ಮಾಮಾನ ಚೀಲ

ನಮ್ಮ ಗುಡಿಗೆ ಕ್ಯಾಮೆರಾ ಬಂದ ದಿವಸ ಅದಕ್ಕೆ ಮೂರೆಳೆ ವಿಭೂತಿ ಬಳಿದವನು ನಾನೇ. ಹೊಸ ಮಶೀನು ಬಂದರೆ ವಿಭೂತಿ, ಕುಂಕುಮ, ಒಂದು ಕಾಯಿ. ಇಷ್ಟಿಲ್ಲದೆ ಸ್ವಿಚ್ಚು ಒತ್ತುವ ರೂಢಿ ನಮ್ಮ ಕಡೆ ಇಲ್ಲ. ಪರಸಿ ಕಲ್ಲಿನ ಪಾಲಿಶ್ ಮಶೀನಿಗೂ ಮಾಡಿದ್ದೇನೆ, ಬೋರ್‌ವೆಲ್ಲಿನ ಮೋಟಾರಿಗೂ ಮಾಡಿದ್ದೇನೆ, ಮಗಳ ಸ್ಕೂಟಿಗೂ ಮಾಡಿದ್ದೇನೆ. ಕ್ಯಾಮೆರಾ ಏನು ಪಾಪ ಮಾಡಿತ್ತು? ಕಲಬುರಗಿಯಿಂದ ಅದನ್ನು ಹಚ್ಚಲು ಬಂದವನು ನಿಚ್ಚಣಿಕೆಯ ಮೇಲಿಂದ ಕೂಗಿಕೊಂಡ.

“ಗಾಜಿಗಿ ಬ್ಯಾಡ್ರಿ ಯಜಮಾನ್ರ, ಡಬ್ಬಿಗಿ ಹಚ್ಚ್ರಿ!”

“ಹಣಿ ಬಿಟ್ಟು ಬೆನ್ನಿಗಿ ಯಾರರೆ ಹಚ್ಚತಾರೇನೋ ತಮ್ಮಾ?” ಅಂದೆ ನಾನು.

ನಿಂತವರೆಲ್ಲ ನಕ್ಕರು. ಜನ ನಕ್ಕರೆ ನನಗೆ ಮುಂದೆ ಏನೂ ಕಾಣುವುದಿಲ್ಲ, ಅದು ನನ್ನ ಹಳೆಯ ರೋಗ. “ಮತ್ತ ಆಮ್ಯಾಲ ಒರಸ್ರಿ” ಎಂದು ಹೇಳಿ ಅವನು ತನ್ನ ಚೀಲ ಕಟ್ಟಿಕೊಂಡು ಹೋದ. ಯಾರೂ ಒರೆಸಲಿಲ್ಲ. ಒರೆಸುವವರು ಯಾರು? ದೇವರ ಮುಂದೆ ಹಚ್ಚಿದ ವಿಭೂತಿಯನ್ನು ಅರಿವೆ ತಗೊಂಡು ಒರೆಸುವ ಕೈ ನಮ್ಮ ಓಣಿಯಲ್ಲಿ ಹುಟ್ಟಿಲ್ಲ. ತಾನಾಗಿ ಉದುರಿದರೆ ಉದುರಲಿ ಅಂತ ಬಿಟ್ಟೆವು.

ಶಹಾಬಾದದಲ್ಲಿ ನಮ್ಮದು ಸಣ್ಣ ಬಸವಣ್ಣನ ಗುಡಿ. ಮುಂದೆ ಒಂದು ಬೇವಿನ ಗಿಡ, ಅದರ ಸುತ್ತ ಪರಸಿ ಕಲ್ಲಿನ ಕಟ್ಟೆ. ಕಲ್ಲಿನ ದಂಧೆ ಬಿಟ್ಟ ಮೇಲೆ ನನ್ನನ್ನು ಗುಡಿ ಕಮಿಟಿಯ ಕಾರ್ಯದರ್ಶಿ ಮಾಡಿದರು. ಲೆಕ್ಕ ಬರುತ್ತದೆಂದಲ್ಲ, ಮಾತು ಬರುತ್ತದೆಂದು. ಮುತ್ಯಾ, ಅಂದರೆ ನನ್ನ ಅಜ್ಜ, ನನಗೆ ಆಸ್ತಿ ಅಂತ ಬಿಟ್ಟುಹೋದದ್ದು ಮಾತೊಂದೇ. ಕಟ್ಟೆಯ ಮೇಲೆ ಕೂತು ಆತ ಹೇಳುತ್ತಿದ್ದ ಕತೆಗಳನ್ನು ಬಾಯಿ ತೆರೆದು ಕೇಳಿ ಬೆಳೆದವನು ನಾನು. ಕಾರ್ಯದರ್ಶಿ ಅಂದಮೇಲೆ ಪೊಲೀಸ್ ಠಾಣೆಯ ಮೀಟಿಂಗಿಗೂ ನಾನೇ ಹೋಗಬೇಕು.

ಕ್ಯಾಮೆರಾ ಬರುವ ಮೊದಲು ನಡೆದ ಮೀಟಿಂಗಿಗೆ ಎಲ್ಲ ದೇವರ ಕಡೆಯವರೂ ಬಂದಿದ್ದರು. ಗುಡಿಯವರು, ಮಠದವರು, ಮಸೀದಿಯವರು, ಚರ್ಚಿನವರು. ಎಲ್ಲೋ ಯಾರೋ ಗುಡಿಗಳಿಗೆ ಬಾಂಬ್ ಇಡುತ್ತೇವೆಂದು ಬೆದರಿಕೆ ಹಾಕಿದ್ದರಂತೆ. ಸಾಹೇಬರು ಒಂದೊಂದೇ ಬಿಡಿಸಿ ಹೇಳಿದರು. ಜನ ಸೇರುವ ಜಾಗ ಅಂದಮೇಲೆ ಕಾನೂನಿನ ಪ್ರಕಾರ ಕ್ಯಾಮೆರಾ ಇರಲೇಬೇಕು, ಅದರ ರೆಕಾರ್ಡ್ ಅಳಿಸಬಾರದು, ಕೇಳಿದಾಗ ಕೊಡಬೇಕು, ಇಲ್ಲದಿದ್ದರೆ ಮೊದಲು ನೋಟಿಸು, ಆಮೇಲೆ ದಂಡ. ಒಳಗೆ ಬರುವ, ಹೊರಗೆ ಹೋಗುವ ದಾರಿ ಬೇರೆ ಇರಬೇಕು. ವಾರಸುದಾರರಿಲ್ಲದ ಚೀಲ ಕಂಡರೆ ಮುಟ್ಟಬಾರದು, ಜನರನ್ನು ದೂರ ಸರಿಸಬೇಕು, ಫೋನ್ ಮಾಡಬೇಕು.

ನನ್ನ ಬಾಜೂಕ ನಮ್ಮೂರ ಮಸೀದಿಯ ಹಿರಿಯರು ಕೂತಿದ್ದರು. ಅವರ ಮನೆಗೆ ಹಾಸುಗಲ್ಲು ಹೋದದ್ದು ನನ್ನ ಮಶೀನಿನಿಂದಲೇ, ಅಷ್ಟು ಹಳೆಯ ಪರಿಚಯ. ಮೆಲ್ಲಕ್ಕೆ ಕಿವಿಯಲ್ಲಿ ಅಂದರು: “ನೋಡ್ರಿ, ನಿಮ್ಮ ದೇವರಿಗೂ ನಮ್ಮ ದೇವರಿಗೂ ಕಡೀಕ ಒಂದೇ ಕ್ಯಾಮೆರಾ ಅಂಗಡಿ ಆತು.”

“ಉದ್ರಿ ಕೊಡತಾನೇನು ಕೇಳ್ರಿ” ಅಂದೆ. ಇಬ್ಬರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕೆವು.

ನಕ್ಕೆನೆಂದು ಹಗುರ ಮಾಡಿಕೊಂಡೆ ಅಂತಲ್ಲ. ಹೇಳಿದ್ದನ್ನು ಅಕ್ಷರಶಃ ಮಾಡಿದೆ. ಕ್ಯಾಮೆರಾ ಹಾಕಿಸಿದೆ. ಗುಡಿಗೆ ಎರಡು ದಾರಿ ಮಾಡಿಸಿದೆ. ಕಟ್ಟೆಯ ಮೇಲೆ ಯಾರೂ ಗಂಟು ಇಡಬಾರದು ಅಂತ ಕಂಡಕಂಡವರಿಗೆ ಹೇಳಿದೆ. ಹಾಗೆ ಹೇಳಿಸಿಕೊಂಡವರಲ್ಲಿ ಸೀಟಿ ಮಾಮಾನೂ ಒಬ್ಬ.

ಸೀಟಿ ಮಾಮಾ ಅಂದರೆ ಕುಕ್ಕರ್ ರಿಪೇರಿ ಮಾಡುವವನು. ಪ್ರತಿ ಸೋಮವಾರ ವಾಡಿಯಿಂದ ಪ್ಯಾಸೆಂಜರ್ ಗಾಡಿಗೆ ಬಂದು ನಮ್ಮ ಓಣಿ ಹಿಡಿಯುತ್ತಿದ್ದ. ಉಳಿದ ದಿನ ಚಿತ್ತಾಪುರ, ಸೇಡಂ, ಸಂತೆಗೆ ಚಿಂಚೋಳಿ. ರಬ್ಬರ್ ರಿಂಗು ಬದಲಿ, ಹಿಡಿಕಿ ಬದಲಿ, ಸೀಟಿ ರಿಪೇರಿ. ಸೀಟಿ ಸರಿಯಾಯಿತೋ ಇಲ್ಲವೋ ಅಂತ ತಾನೇ ಬಾಯಿಂದ ಊದಿ ನೋಡುತ್ತಿದ್ದ, ಅದಕ್ಕೇ ಹೆಣ್ಣುಮಕ್ಕಳು ಇಟ್ಟ ಹೆಸರು ಅದು. ಬಿಳಿ ಗಡ್ಡ, ತಲೆಗೊಂದು ಟೊಪ್ಪಿಗೆ, ಹೆಗಲಿಗೆ ಸಿಮೆಂಟಿನ ಖಾಲಿ ಚೀಲ. ಮನೆಮನೆಗೆ ಹೋಗಿ ಕುಕ್ಕರು ಒಟ್ಟು ಮಾಡಿಕೊಂಡು ಬಂದು ನಮ್ಮ ಬೇವಿನ ಕಟ್ಟೆಯ ಮೇಲೆ ಕೂತು ಕೆಲಸ ಮಾಡುವುದು, ಮತ್ತೆ ಮನೆಮನೆಗೆ ಮುಟ್ಟಿಸುವುದು. ಗುಡಿಯ ಕಟ್ಟೆಯ ಮೇಲೆ ಮುಸಲ್ಮಾನ ಯಾಕೆ ಕೂತ ಅಂತ ಕೇಳಿದವರನ್ನು ನಾನು ನೋಡಿಲ್ಲ. ನೆರಳು ಗುಡಿಯದಲ್ಲ, ಗಿಡದ್ದು.

ಆ ಸೋಮವಾರ ಅವನಿಗೆ ಹೇಳಿದೆ: “ಮಾಮಾ, ಈ ಸಿಮೆಂಟಿನ ಚೀಲ ಇನ್ನ ನಡೆಂಗಿಲ್ಲ ನೋಡು. ಪೊಲೀಸರು ಬರತಾರ ಹೋಗತಾರ. ಚೈನ್ ಇರೋದು ಒಂದು ಛಲೋ ಚೀಲ ತಗೋ. ನೋಡಲಿಕ್ಕ ಹಸನಾಗಿ ಇರಲಿ.”

“ಹೌದ್ರಿ ಮಾಲಕ್, ಖರೆ ಅದ” ಅಂದ. ಅಷ್ಟೇ.

ಮುಂದಿನ ಸೋಮವಾರ ಮುಂಜಾನೆ ಗುಡಿಗೆ ಹೋದರೆ ಕಟ್ಟೆಯ ಮೇಲೆ ಕರೀ ಚೀಲ ಕೂತಿತ್ತು. ಹೊಸದು. ಗಡದ್ದಾಗಿ ತುಂಬಿತ್ತು, ಚೈನು ಪೂರ್ತಿ ಎಳೆದಿತ್ತು. ಸುತ್ತ ಯಾರಿಲ್ಲ. “ಯಾರದ್ರೀ ಇದು?” ಅಂತ ಕೂಗಿದೆ. ಪೂಜಾರಿ ಒಳಗಿನಿಂದ ಬಂದು ತನ್ನದಲ್ಲ ಅಂದ. ಹಾಲಿನ ಅಂಗಡಿಯವನು ತನ್ನದಲ್ಲ ಅಂದ. ಮೇಲಿನಿಂದ ಬೆರಳು ತಗುಲಿಸಿ ನೋಡಿದ್ದರೆ ಕುಕ್ಕರಿನ ಮುಚ್ಚಳ ತಾನೇ ಹೇಳುತ್ತಿತ್ತು. ಆದರೆ ಮುಟ್ಟಬಾರದು ಅಂತ ಸಾಹೇಬರು ಹೇಳಿದ್ದರಲ್ಲ. ಸುತ್ತ ಸೇರಿದವರನ್ನು ದೂರ ಸರಿಸಿದೆ. ನನ್ನ ಬಾಯಿಂದಲೇ ಹೊರಟ ಚೀಲ ಅದು ಅಂತ ಆಗ ಹೊಳೆಯಲಿಲ್ಲ. ಫೋನ್ ಮಾಡಿದೆ.

ಪೊಲೀಸರು ತಡ ಮಾಡಲಿಲ್ಲ. ಓಣಿಯ ಎರಡೂ ಕಡೆ ಹಗ್ಗ ಬಿತ್ತು. ಅಂಗಡಿಗಳು ಮುಚ್ಚಿದವು. ಸೋಮವಾರದ ಪೂಜೆಗೆ ಕಾಯಿ ಹಿಡಿದು ಬಂದ ಹೆಣ್ಣುಮಕ್ಕಳನ್ನು ಆ ಕಡೆಯ ಹಗ್ಗದಾಚೆ ನಿಲ್ಲಿಸಿದರು, ನಾವು ಗಂಡಸರು ಈ ಕಡೆ. ಚೀಲ ತೆಗೆದು ನೋಡುವವರು ಕಲಬುರಗಿಯಿಂದ ಬರಬೇಕಿತ್ತು. ಅಷ್ಟರೊಳಗೆ ಚೀಲ ಇಟ್ಟವರು ಯಾರು ನೋಡೋಣವೆಂದು ಸಾಹೇಬರು ಕ್ಯಾಮೆರಾದ ರೆಕಾರ್ಡ್ ಕೇಳಿದರು. ಅದರ ಟಿವಿ ಗುಡಿಯ ಪಕ್ಕದಲ್ಲೇ ಇರುವ ಕಮಿಟಿ ಸದಸ್ಯರೊಬ್ಬರ ಮನೆಯಲ್ಲಿತ್ತು, ಅಲ್ಲಿಯ ತನಕ ಯಾರೂ ಹಚ್ಚಿ ನೋಡಿರಲಿಲ್ಲ. ಹಚ್ಚಿದೆವು.

ಪರದೆಯ ಮೇಲೆ ಮೂರು ಬಿಳಿ ಪಟ್ಟಿ. ಪಟ್ಟಿಗಳ ನಡುವಿನ ಸಂದಿಯಲ್ಲಿ ಬೇವಿನ ಎಲೆ, ಯಾರದೋ ಒಂದು ಮೊಣಕಾಲು, ಅರ್ಧ ನಾಯಿ.

“ಇದೇನ್ರೀ?” ಅಂದರು ಸಾಹೇಬರು.

“ವಿಭೂತಿ ರೀ.”

ಅವರು ನನ್ನನ್ನು ನೋಡಿದರು, ಟಿವಿ ನೋಡಿದರು, ತಮ್ಮ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡರು. “ಕಳ್ಳರಿಗಿ ಆಶೀರ್ವಾದ ಮಾಡ್ಲಿಕ್ಕ ಹಚ್ಚೀರೇನು ಇದನ್ನ?” ಹಿಂದೆ ನಿಂತ ಪೊಲೀಸಪ್ಪ ಕೆಮ್ಮಿದ. ಅದು ಕೆಮ್ಮಲ್ಲ ಅಂತ ನನಗೆ ತಿಳಿಯದೆ ಇರಲಿಲ್ಲ. ಊರನ್ನು ನಗಿಸುವವನಿಗೆ ತಾನೇ ನಗೆಪಾಟಲಾಗುವುದು ಎಷ್ಟು ಉರಿಯುತ್ತದೆ ಅಂತ ಅವತ್ತು ಗೊತ್ತಾಯಿತು. ಆ ಉರಿಯಲ್ಲೇ ನಾನು ಹೊರಗೆ ಬಂದು ನಿಂತಿದ್ದೆ. ಮುಂದಿನದಕ್ಕೆ ಅದು ನೆವವಲ್ಲ. ಆದರೆ ಹಾಗೆ ನಿಂತಿದ್ದೆ.

ಆಗ ಸ್ಟೇಶನ್ ರಸ್ತೆಯ ಕಡೆಯಿಂದ ಸೀಟಿ ಮಾಮಾ ಓಡುತ್ತ ಬಂದ. ಕುಕ್ಕರುಗಳನ್ನು ಒಟ್ಟು ಮಾಡಿ ಇಟ್ಟು ಅಂಗಡಿಗೆ ರಬ್ಬರ್ ರಿಂಗು ತರಲು ಹೋಗಿದ್ದನಂತೆ. ಮುಂಗೈಯಲ್ಲಿ ಬಳೆಯ ಹಾಗೆ ರಿಂಗುಗಳು ಜೋತಾಡುತ್ತಿದ್ದವು. “ಸಾಹೇಬ್, ಅದು ನನ್ನ ಚೀಲ ರೀ, ನಂದೇ ಅದ” ಅನ್ನುತ್ತ ಹಗ್ಗ ಎತ್ತಿ ಒಳಗೆ ಬರಲು ಹೋದ. ಇಬ್ಬರು ರಟ್ಟೆ ಹಿಡಿದರು. ಹೆಸರು ಕೇಳಿದರು. ಹೇಳಿದ. ಹೆಸರು ಕೇಳಿದ್ದೇ ನನ್ನ ಹಿಂದೆ ನಿಂತವರಲ್ಲಿ ಯಾರೋ “ಹೂಂ” ಅಂದರು. ಕೇಳಬೇಕಾದ್ದಕ್ಕೆಲ್ಲ ಉತ್ತರ ಸಿಕ್ಕಿತು ಅನ್ನುವ ಹಾಗೆ. ಮೊಬೈಲುಗಳು ಮೇಲೆದ್ದವು.

ಸಾಹೇಬರು ತಿರುಗಿ ನಮ್ಮ ಕಡೆ ಕೇಳಿದರು: “ಯಾರಿಗರೆ ಗೊತ್ತೇನ್ರೀ ಈ ಮನಷ್ಯಾ?”

ಗಂಡಸರಿಗೆ ಗೊತ್ತಿರುವುದು ಕಡಿಮೆ. ಕುಕ್ಕರು ಹೆಂಗಸರ ಕಾರಭಾರ. ಆದರೂ ಕಟ್ಟೆಯ ಮೇಲೆ ಕೂತವನನ್ನು ನೋಡದ ಕಣ್ಣು ಅಲ್ಲಿ ಒಂದೂ ಇರಲಿಲ್ಲ. ನನಗಂತೂ ಗೊತ್ತಿತ್ತು. ಅವನ ಮುಖ ಕಂಡದ್ದೇ ಚೀಲದ ಕತೆಯೆಲ್ಲ ಒಮ್ಮೆಲೇ ಹೊಳೆದಿತ್ತು: ನಾನು ಚೈನಿನ ಚೀಲ ತಗೋ ಅಂದೆ, ಅವನು ತಗೊಂಡ, ನಾನು ಪೊಲೀಸರನ್ನು ಕರೆದೆ. ಗೊತ್ತು ಅಂದರೆ ಸಾಹೇಬರ ಮುಂದಿನ ಮಾತು ಏನಿರುತ್ತದೆ ಅನ್ನುವುದೂ ಹೊಳೆದಿತ್ತು. ಗೊತ್ತಿದ್ದರೆ ಫೋನ್ ಯಾಕ್ರೀ ಮಾಡಿದಿರಿ? ವಿಭೂತಿಯ ಮೇಲೆ ಇದೊಂದು. ಮಾಮಾ ನನ್ನನ್ನೇ ನೋಡುತ್ತಿದ್ದ. ಹೇಳು ಅನ್ನುವ ನೋಟ ಕೂಡ ಅಲ್ಲ ಅದು. ಹೇಳುತ್ತಾನೆ ಅಂತ ನಂಬಿ ಸುಮ್ಮನೆ ನಿಂತವನ ನೋಟ.

ನಾನು ಹೇಳಲಿಲ್ಲ.

ಹೇಳಿದವಳು ನನ್ನ ಹೆಂಡತಿ. ಆ ಕಡೆಯ ಹಗ್ಗದಿಂದ ಅವಳ ದನಿ ಬಂತು, ಆಮೇಲೆ ಅವಳು ಬಂದಳು. ಕೈಯಲ್ಲಿ ಪೂಜೆಯ ತಟ್ಟೆ, ತಲೆಯ ಮೇಲೆ ಸೆರಗು.

“ಏ ಸಾಹೇಬ್ರ, ಬಿಡ್ರಿ ಅವನ ಕೈ. ಅವ ನಮ್ಮ ಸೀಟಿ ಮಾಮಾ ಅದಾನ್ರಿ. ಆ ಚೀಲದಾಗ ನಮ್ಮ ಕುಕ್ಕರ್ ಅದ, ಈಗ ಮುಂಜಾನಿ ನಾನೇ ಕೊಟ್ಟೀನಿ. ತಳದಾಗ ಇವರ ಹೆಸರು ಕೊರಸ್ಯಾರ, ತಗದು ನೋಡ್ರಿ.”

“ಇವರು ಅಂದ್ರ ಯಾರವ್ವಾ?”

“ಫೋನ್ ಮಾಡ್ಯಾರಲ್ಲ, ಅವರೇ.”

ಆದರೂ ನಿಯಮ ನಿಯಮವೇ. ಕಲಬುರಗಿಯವರು ಬರುವವರೆಗೆ ಮಾಮಾನನ್ನು ಬಿಸಿಲಿನಲ್ಲಿ ಕೂರಿಸಿಕೊಂಡರು. ಅವರು ಬಂದರು, ನಾಯಿ ಮೂಸಿ ನೋಡಿತು, ಒಬ್ಬರು ಚೈನು ಎಳೆದು ಕುಕ್ಕರುಗಳನ್ನು ಒಂದೊಂದಾಗಿ ಪರಸಿ ಕಲ್ಲಿನ ಮೇಲೆ ಸಾಲಾಗಿ ಇಟ್ಟರು. ಮದುವೆಯಲ್ಲಿ ನನ್ನ ಮಾವ ಕೊಟ್ಟ ಕುಕ್ಕರು ಮೇಲೆದ್ದಾಗ ಅವರು ತಳ ತಿರುವಿ ನನ್ನ ಹೆಸರನ್ನು ತಂದೆಯ ಹೆಸರಿನ ಸಮೇತ ಗಟ್ಟಿಯಾಗಿ ಓದಿದರು. ಓಣಿಗೆ ಓಣಿಯೇ ನಕ್ಕಿತು. ಆ ನಗೆಯಲ್ಲಿ ಎಲ್ಲರಿಗೂ ಹಗುರವಾಯಿತು, ಹಗ್ಗ ಬಿಚ್ಚಿದರು, ಪೂಜೆ ನಡೆಯಿತು. ಮಾಮಾನನ್ನು ಮಾತ್ರ ಚೀಲದ ಸಮೇತ ಜೀಪಿನಲ್ಲಿ ಕೂರಿಸಿಕೊಂಡು ಹೋದರು. ವಿಚಾರಣೆ ಮಾಡಿ ಸಂಜೆಗೆ ಬಿಡುತ್ತೇವೆ ಅಂದರು, ಸಂಜೆಗೆ ಬಿಟ್ಟರು. ಬೈಯಲಿಲ್ಲ, ಹೊಡೆಯಲಿಲ್ಲ, ಚಹಾ ಕೊಟ್ಟರಂತೆ. ನಾನು ಠಾಣೆಯ ಹೊರಗೆ ನಿಂತಿದ್ದೆ. ಅವನು ಹೊರಗೆ ಬಂದು “ನಮಸ್ಕಾರ ಮಾಲಕ್” ಅಂದು ಗಾಡಿಗೆ ತಡವಾಯಿತೆಂದು ಸ್ಟೇಶನ್ನಿನ ಕಡೆ ನಡೆದ. ಕುಕ್ಕರುಗಳನ್ನು ರಿಪೇರಿಗೆ ಹೊತ್ತೇ ಒಯ್ದ.

ಅವತ್ತು ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿ ಒಂದೇ ಮಾತು ಅಂದಳು: “ಅಂಗೈ ಹುಣ್ಣಿಗಿ ಕನ್ನಡಿ ಬ್ಯಾಡಂತಾರ ಹಿರೇರು. ನೀವು ಕ್ಯಾಮೆರಾನೇ ತಂದಿದ್ರಿ. ಆದ್ರೂ ಕಾಣಲಿಲ್ಲ.”

ಎದ್ದು ಕೈ ತೊಳೆದುಕೊಂಡೆ.

ಮುಂದಿನ ಸೋಮವಾರ ಅವನು ಬರಲಿಲ್ಲ. ಅದರ ಮುಂದಿನ ಸೋಮವಾರ ರೈಲ್ವೆಯ ಒಬ್ಬ ಗ್ಯಾಂಗ್‌ಮನ್‌ನ ಕೈಲಿ ಕುಕ್ಕರುಗಳನ್ನು ಕಳಿಸಿಕೊಟ್ಟ, ಎಲ್ಲವೂ ರಿಪೇರಿಯಾಗಿದ್ದವು. ತಂದವನೇ ಹೇಳಿದ: ಮಾಮಾ ಈಗ ಎಲ್ಲಿಗೂ ಹೋಗುತ್ತಿಲ್ಲ. ಯಾರೋ ಮೊಬೈಲಿನಲ್ಲಿ ಹಿಡಿದದ್ದು ಸೇಡಂ, ಚಿತ್ತಾಪುರ ಎಲ್ಲ ಕಡೆ ತಿರುಗಿದೆ. ಅದರಲ್ಲಿ ಕುಕ್ಕರುಗಳನ್ನು ಸಾಲಾಗಿಟ್ಟದ್ದು ಇಲ್ಲ, ನನ್ನ ಹೆಸರು ಓದಿದ್ದು ಇಲ್ಲ, ಜನ ನಕ್ಕದ್ದು ಇಲ್ಲ. ಕರೀ ಚೀಲ ಇದೆ, ಗಡ್ಡ ಇದೆ, ರಟ್ಟೆ ಹಿಡಿದ ಪೊಲೀಸರು ಇದ್ದಾರೆ. ಅಷ್ಟು ಸಾಕಾಗಿತ್ತು. ಚಿಂಚೋಳಿಯ ಸಂತೆಯಲ್ಲಿ ಕೂತರೆ ಎದ್ದೇಳು ಅಂದರಂತೆ. ಚಿತ್ತಾಪುರದಲ್ಲಿ ಹಳೆಯ ಗಿರಾಕಿಗಳೇ ಬಾಗಿಲು ಅರ್ಧ ತೆರೆದು “ಈಗ ರಿಪೇರಿ ಇಲ್ಲ” ಅಂದರಂತೆ.

ನಡುವೆ ಠಾಣೆಯಲ್ಲಿ ಇನ್ನೊಂದು ಮೀಟಿಂಗು ಬಂತು. ಹೋಗಲೋ ಬೇಡವೋ ಅಂತ ಹೋದೆ. ಸಾಹೇಬರು ಎಲ್ಲರ ಮುಂದೆ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. “ನೋಡ್ರಿ, ಚೀಲ ಕಂಡ ಕೂಡಲೇ ಇವರು ಮುಟ್ಟಲಿಲ್ಲ, ಜನರನ್ನ ಸರಿಸಿದ್ರು, ಫೋನ್ ಮಾಡಿದ್ರು. ಎಲ್ಲಾ ಕಮಿಟಿಯವರೂ ಹಿಂಗ ಇರಬೇಕು. ವಿಭೂತಿ ಒಂದು ಬಿಟ್ಟು.” ಜನ ನಕ್ಕು ಚಪ್ಪಾಳೆ ಹೊಡೆದರು. ಅವರು ಹೇಳಿದ್ದರಲ್ಲಿ ಸುಳ್ಳು ಒಂದೂ ಇರಲಿಲ್ಲ. ಫೋನ್ ಮಾಡಿದ್ದು ತಪ್ಪಲ್ಲ, ಇವತ್ತಿಗೂ ಅಂಥ ಚೀಲ ಕಂಡರೆ ಮಾಡುತ್ತೇನೆ. ಆದರೆ ಅವರು ಹೊಗಳಿದ್ದು ಫೋನಿನ ತನಕದ ನನ್ನನ್ನು. ಅದರ ಮುಂದಿನವನು ಚಪ್ಪಾಳೆಯ ನಡುವೆ ನಿಂತಿದ್ದ, ಎಲ್ಲಿ ಕೂರಬೇಕು ತಿಳಿಯದೆ.

ಹೊರಗೆ ಚಪ್ಪಲಿ ಹುಡುಕುವಾಗ ಮಸೀದಿಯ ಹಿರಿಯರು ಬಾಜೂಕ ಬಂದರು. ಅವರು ಚಪ್ಪಾಳೆ ಹೊಡೆದಿರಲಿಲ್ಲ, ನಾನು ಓರೆಗಣ್ಣಿನಲ್ಲಿ ನೋಡಿದ್ದೆ. “ಆ ಚೀಲ ನಮ್ಮ ಮಸೀದಿ ಮುಂದ ಇದ್ರೂ ನಾವೂ ಫೋನೇ ಮಾಡ್ತಿದ್ವಿ ಬಿಡ್ರಿ” ಅಂದರು. ಚಪ್ಪಲಿ ಮೆಟ್ಟಿಕೊಳ್ಳುತ್ತ, “ಅವ ವಾಡಿಯಾಗ ಸ್ಟೇಶನ್ ಹಿಂದ ಇರತಾನ. ಕೇಳಿದ್ರ ಯಾರರೆ ಮನಿ ತೋರಸ್ತಾರ” ಅಂದರು. ಹೋಗ್ರಿ ಅನ್ನಲಿಲ್ಲ.

ಹೆಂಡತಿಯನ್ನು ಕರೆದುಕೊಂಡೇ ಹೋದೆ. ಒಬ್ಬನೇ ಹೋಗುವ ಧೈರ್ಯ ಇರಲಿಲ್ಲ. ಎರಡು ಖೋಲಿಯ ಮನೆ, ಕಾರ್ಖಾನೆಯ ಸಿಮೆಂಟಿನ ಧೂಳು ಕೂತ ತಗಡಿನ ಮಾಡು. ಮಾಮಾ ನಮ್ಮನ್ನು ನೋಡಿ ಎದ್ದು ನಿಂತ. “ಬರ್ರಿ ಮಾಲಕ್, ಬರ್ರಿ ಅಕ್ಕಾ, ಕುಂದ್ರಿ” ಎಂದು ಖಾಟು ಝಾಡಿಸಿದ. ಒಳಗೆ ಚಹಾಕ್ಕೆ ಹೇಳಿದ. ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಹೋಗಿದ್ದೆ. ಎಲ್ಲಿಂದ ಶುರು, ಎಲ್ಲಿ ತಡೆಯಬೇಕು, ಎಲ್ಲಿ ಕೈ ಹಿಡಿಯಬೇಕು. ಬಾಯಿ ತೆರೆದರೆ ಬಂದದ್ದು ಇಷ್ಟು: “ಮಾಮಾ, ಅವತ್ತ ನಾ ಮಾತಾಡಬೇಕಿತ್ತು.”

“ಇರಲಿ ಬಿಡ್ರಿ. ಸರ್ಕಾರದ ಕೆಲಸ.”

“ಸರ್ಕಾರ ಎಲ್ಲಿ ಬಂತೋ ಮಾಮಾ ಇದರಾಗ” ಅಂದಳು ಹೆಂಡತಿ. “ಇವರ ಬಾಯಿ ಬಂದ್ ಮಾಡಂತ ಸರ್ಕಾರ ಹೇಳಿತ್ತೇನು? ನಾ ಹೇಳಿದ್ರೇ ಬಂದ್ ಆಗೂದಿಲ್ಲ.”

ಅವನು ನಕ್ಕ. ಒಳಗೆ ಅವನ ಮನೆಯಾಕೆಯೂ ನಕ್ಕದ್ದು ಕೇಳಿಸಿತು. ಚಹಾ ಬಂತು. ಸೋಮವಾರ ಬಾ, ಕಟ್ಟೆ ನಿನ್ನದೇ, ಯಾರೇನಂತಾರೆ ನಾನು ನೋಡಿಕೊಳ್ಳುತ್ತೇನೆ ಅಂತ ಹೇಳಿದೆ. ಅವನು ಚಹಾದ ಬಸಿ ಕೆಳಗಿಟ್ಟ.

“ಬರತೀನಿ ಮಾಲಕ್. ಜರಾ ಒಂದು ಕೆಲಸ ಮಾಡಿಕೊಡತೀರೇನು? ಗುಡಿ ಕಾಗದದ ಮ್ಯಾಲ ಬರದು ಸಿಕ್ಕಾ ಹೊಡೀರಿ. ಈ ಮನಷ್ಯಾ ನಮಗ ಗೊತ್ತದಾನ, ಕುಕ್ಕರ್ ರಿಪೇರಿ ಮಾಡತಾನ ಅಂತ. ಸೇಡಂದಾಗ, ಚಿಂಚೋಳ್ಯಾಗ ತೋರಸ್ತೀನಿ. ನನ್ನ ಮಾತು ಯಾರೂ ಕೇಳವಲ್ರು. ಗುಡಿಯವರೇ ಬರದು ಕೊಟ್ಟಾರ ಅಂದ್ರ ಕೇಳತಾರ.”

ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಂಡಳು. ನಾನು ಆಗಲಿ ಅಂದೆ. ಇಲ್ಲ ಅನ್ನಲು ನನಗೆ ಯಾವ ಬಾಯಿತ್ತು? ಅಂದು ಗಾಳಿಯಲ್ಲಿ ಹೇಳಿದ್ದರೆ ಮುಗಿದುಹೋಗುತ್ತಿದ್ದ ಒಂದು ಮಾತನ್ನು ಈಗ ಗುಡಿಯ ಮೊಹರು ಒತ್ತಿ ಬರೆದುಕೊಡಬೇಕಾಗಿತ್ತು. ಬರೆದೆ. ಇವರು ಬಹಳ ವರ್ಷಗಳಿಂದ ನಮಗೆ ಪರಿಚಿತರು ಅಂತ ಬರೆಯುವಾಗ ಪೆನ್ನು ಎರಡು ಸಲ ನಿಂತಿತು.

ಈಗ ಅವನು ಬರುತ್ತಾನೆ. ಸೇಡಂನಲ್ಲಿ ಅರ್ಧ ಮನೆಗಳು ಮತ್ತೆ ಬಾಗಿಲು ತೆರೆದಿವೆಯಂತೆ, ಚಿತ್ತಾಪುರದಲ್ಲಿ ನಾಲ್ಕಾರು. ಚಿಂಚೋಳಿಯಲ್ಲಿ ಇನ್ನೂ ಇಲ್ಲ. ಆ ಕಾಗದಕ್ಕೆ ಪ್ಲಾಸ್ಟಿಕ್ ಹಾಕಿಸಿ, ದಾರ ಪೋಣಿಸಿ ಕೊರಳಿಗೆ ಹಾಕಿಕೊಂಡಿದ್ದಾನೆ. ಚೀಲ ಬಿಟ್ಟು ಎಲ್ಲೂ ಹೋಗುವುದಿಲ್ಲ. ರಿಂಗು ತರಲು ಹೋದರೂ ಅಷ್ಟೂ ಕುಕ್ಕರುಗಳನ್ನು ಹೊತ್ತುಕೊಂಡೇ ಹೋಗುತ್ತಾನೆ. ಕಟ್ಟೆ ಹತ್ತುವ ಮೊದಲು ನಾನು ಅಲ್ಲಿ ಕೂತಿದ್ದರೆ ಕಾಗದವನ್ನು ಕೊರಳಿನಿಂದ ಎತ್ತಿ ನನಗೆ ತೋರಿಸುತ್ತಾನೆ, ಆಮೇಲೆ ನಮಸ್ಕಾರ.

“ನನಗ ಯಾಕೋ ಮಾಮಾ ತೋರಸ್ತಿ? ನಾನೇ ಬರದದ್ದಲ್ಲೇನು ಅದು?” ಅಂದೆ ಮೊದಲ ಸಲ.

“ರೂಢಿ ಆಗಲಿ ರೀ ಮಾಲಕ್. ನಾಳೆ ಈ ಜಾಗದಾಗ ನೀವಿರಲಿಕ್ಕಿಲ್ಲ, ಮತ್ತೊಬ್ಬರು ಕುಂತಿರತಾರ.”

ಈಗ ಕೇಳುವುದಿಲ್ಲ. ಅವನು ಎತ್ತಿ ಹಿಡಿದಷ್ಟು ಹೊತ್ತು ಓದುತ್ತೇನೆ, ನನ್ನದೇ ಅಕ್ಷರ, ಮೊದಲಿನಿಂದ ಕೊನೆಯವರೆಗೆ. ಓದಿ ಮುಗಿಸಿ ತಲೆ ಆಡಿಸಿದ ಮೇಲೆ ಅವನು ಚಪ್ಪಲಿ ಬಿಟ್ಟು ಕಟ್ಟೆ ಹತ್ತುತ್ತಾನೆ.